ಹೈ ಸೀಟ್ ಜೌಗಿಗೆ ಒಂದು ಜೊತೆ ಗೇಟರ್

ಬೂಟಿನ ಮೇಲಿಂದ ಮೊಣಕಾಲಿನ ಕೆಳಗಿನವರೆಗೆ ಕಟ್ಟಿಕೊಳ್ಳುವ ಗೇಟರ್ ನನಗೆ ಬಹಳ ಕಾಲ ಶೋಕಿಯ ಸಾಮಾನಾಗಿಯೇ ಕಂಡಿತ್ತು. ನೀರು ಒಳಬಿಡದ ಬೂಟಿಗೆ ಅಷ್ಟು ದುಡ್ಡು ಸುರಿದ ಮೇಲೆ ಅದಕ್ಕೊಂದು ಲಂಗ ಏಕೆ? ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿರುವ ಹೈ ಸೀಟ್ ಗುಡ್ಡ ಹೋದ ವರ್ಷ ಆ ಜಂಬ ಇಳಿಸಿತು. ಕಾಲು ಹೂತಾಗ ನೀರು ಬೂಟಿನ ಬಾಯಿಂದಲೇ ಒಳಗೆ ಬಂತು. ಹೊರಗಿನ ನೀರನ್ನು ತಡೆಯುವ ಆ ಬೂಟು ಒಳಗಿನದನ್ನೂ ಅಷ್ಟೇ ನಿಷ್ಠೆಯಿಂದ ಹಿಡಿದಿಟ್ಟುಕೊಂಡಿತು. ಎರಡು ಚೊಂಬು ಕಾಲಿಗೆ ಕಟ್ಟಿಕೊಂಡು ಇಳಿದಂತಾಯಿತು.

ಈ ಸಲ 35 ಪೌಂಡ್ ಕೊಟ್ಟು ದಪ್ಪ ನೈಲಾನಿನ ಗೇಟರ್ ಕೊಂಡು ಅದೇ ದಾರಿ ಹಿಡಿದೆ. ವಾಟೆಂಡ್ಲತ್ ಎಂಬ ಪುಟ್ಟ ಊರಿನಿಂದ 515 ಮೀಟರ್ ಎತ್ತರದ ಹೈ ಟೋವ್, ಅಲ್ಲಿಂದ ಬೇಲಿಗುಂಟ ಉತ್ತರಕ್ಕೆ 608 ಮೀಟರಿನ ಹೈ ಸೀಟ್. ಇಲ್ಲಿನವರು ಫೆಲ್ ಎನ್ನುವ ಗುಡ್ಡಗಳಲ್ಲಿ ಇದೇನೂ ಎತ್ತರದ್ದಲ್ಲ. ತೊಂದರೆಯೆಲ್ಲ ಆ ಎರಡು ತುದಿಗಳ ನಡುವಿನ ನೆಲದ್ದು. ಮಳೆಗೆ ಹೆಸರಾದ ಬೊರೊಡೇಲ್ ಕಣಿವೆ ಪಕ್ಕದಲ್ಲೇ ಇದೆ. ಬಿದ್ದ ನೀರನ್ನು ಪೀಟ್ ಎಂಬ, ಅರೆಕೊಳೆತ ಗಿಡಗಳ ನಾರಿನ ಮಣ್ಣೂ ಸ್ಫ್ಯಾಗ್ನಮ್ ಪಾಚಿಯೂ ಹೀರಿ ಕುಳಿತಿರುತ್ತವೆ. ನೋಡಿದರೆ ಹಸಿರು ಗಾದಿ, ಕಾಲಿಟ್ಟರೆ ನಾಟಿಗೆ ಹದ ಮಾಡಿದ ಗದ್ದೆ.

ಬೇಲಿಯ ಕಂಬ ಹಿಡಿದು ಎಡಗಾಲು ಚಾಚಿದೆ. ಪಾಚಿ ಅಷ್ಟಗಲಕ್ಕೂ ಅದುರಿತು, ಕಾಲು ಮೀನಖಂಡದವರೆಗೆ ಇಳಿಯಿತು. ತಣ್ಣನೆಯ ಒತ್ತಡ ಸುತ್ತಲೂ ತಿಳಿಯುತ್ತಿತ್ತು, ಚರ್ಮಕ್ಕೆ ಮಾತ್ರ ತೇವ ತಾಕಿರಲಿಲ್ಲ. ಪಚಕ್ಕೆಂದು ಕಿತ್ತು ತೆಗೆದು ಬೆರಳು ತೂರಿಸಿ ನೋಡಿದೆ: ಕಾಲುಚೀಲ ಒಣಗಿಯೇ ಇತ್ತು. ಹಾಗೆಂದು ಬೀಗುವಂತಿಲ್ಲ. ಇನ್ನೊಂದು ಕಡೆ ಎರಡೂ ಕಾಲು ಹೂತು, ಕಿತ್ತುಕೊಳ್ಳಲು ಹೆಣಗುವಷ್ಟರಲ್ಲಿ ಗೇಟರಿನ ಕೆಳ ಅಂಚಿನಿಂದ ನೀರು ನುಸುಳಿತು. ಬೇಗ ಕಾಲೆತ್ತುವವರಿಗೆ ಇದು ರಕ್ಷಣೆ, ನಿಂತು ಫೋಟೋ ತೆಗೆಯುವವರಿಗೆ ಅಲ್ಲ.

ತುದಿಯಲ್ಲಿ ಭೂಮಾಪನದ ಕಂಬವಿದೆ, ಪೂರ್ವಕ್ಕೆ ಹೆಲ್ವೆಲಿನ್ ಗುಡ್ಡಗಳ ಸಾಲು. ಗಾಳಿ ಬಹಳ ಹೊತ್ತು ಕೂರಲು ಬಿಡಲಿಲ್ಲ.

ದೂರು ಎರಡಿವೆ. ಮುಂಭಾಗದ ವೆಲ್ಕ್ರೋ ಪೀಟಿನ ನಾರು ತುಂಬಿಕೊಂಡು ಹಿಡಿತ ಬಿಟ್ಟಿತು; ಮನೆಗೆ ಬಂದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದ ಮೇಲೆ ಸರಿಹೋಯಿತು. ಎರಡನೆಯದಕ್ಕೆ ಕ್ಷಮೆಯಿಲ್ಲ. ಬೂಟಿನ ಅಡಿಯಿಂದ ಹಾಯುವ ಪಟ್ಟಿ ಒಂದೇ ದಿನ ಕಲ್ಲಿಗೆ ಉಜ್ಜಿ ಅರ್ಧ ಹರಿದಿದೆ, ಅದನ್ನೋ ಗೇಟರಿಗೇ ಹೊಲಿದುಬಿಟ್ಟಿದ್ದಾರೆ. ಮೊದಲು ಸವೆಯುವ ಭಾಗವನ್ನೇ ಬದಲಿಸಲಾಗದಂತೆ ಮಾಡುವ ಈ ಜಾಣತನ ಯಾರದೋ! ಕೊಳ್ಳುವಾಗ ಬಕಲ್ಲಿನಿಂದ ಬಿಚ್ಚಿ ತೆಗೆಯಬಹುದಾದ ಪಟ್ಟಿ ಇದೆಯೇ ಎಂದು ತಿರುವಿ ನೋಡಿ. ನಾನು ಸದ್ಯಕ್ಕೆ ಹರಿದ ಕಡೆ ಗಟ್ಟಿ ದಾರ ಸುತ್ತಿದ್ದೇನೆ.