ತುಕ್ಕಿಗೆ ಬಿಂಬುಳಿ, ವಿನೆಗರ್, ನಿಂಬೆ ಉಪ್ಪು: ನಾಲ್ಕು ಮಳೆಗಾಲ ಬಳಸಿದ ಮೇಲೆ

ನನ್ನದು 1986ರ ಪ್ರೀಮಿಯರ್ ಪದ್ಮಿನಿ. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಮೇಲ್ಬದಿಯ ಶೆಡ್ಡಿನಲ್ಲಿ ನಿಲ್ಲುತ್ತದೆ. ಅಪ್ಪನ ಕಾಲದಲ್ಲಿ ಮದುವೆ ದಿಬ್ಬಣಕ್ಕೂ ಹೋಗಿದೆ, ಮಂಗಳೂರಿನ ಆಸ್ಪತ್ರೆಗೂ ಓಡಿದೆ, ಡಿಕ್ಕಿಯಲ್ಲಿ ಮೈಲುತುತ್ತಿನ (ತಾಮ್ರದ ಸಲ್ಫೇಟ್) ಚೀಲವನ್ನೂ ಹೊತ್ತಿದೆ. ಶಾಲೆಯಿಂದ ನಿವೃತ್ತನಾದ ವರ್ಷ ಅದನ್ನು ಮತ್ತೆ ರಸ್ತೆಗಿಳಿಸುವ ಹಠಕ್ಕೆ ಬಿದ್ದು ಒಂದೊಂದೇ ಸಾಮಾನು ಬಿಚ್ಚಿದರೆ ಎಲ್ಲವೂ ಮುರಕಲ್ಲಿನ ಬಣ್ಣ. ಬಣ್ಣ ಒಂದೇ ಆಗಲು ಕಾರಣವೂ ಒಂದೇ: ಮುರಕಲ್ಲನ್ನು ಕೆಂಪು ಮಾಡಿರುವುದೂ ಕಬ್ಬಿಣದ ಆಕ್ಸೈಡೇ. ಊರಿಗೆ ಊರೇ ತುಕ್ಕಿನ ಮೇಲೆ ಕೂತಿರುವಾಗ ನನ್ನ ಕಾರಿನ ಪಾಡೇನು!

ಪೇಟೆಯ ದ್ರಾವಣ ಕೊಳ್ಳುವ ಮೊದಲು ಮನೆಯಲ್ಲಿರುವ ಹುಳಿಗಳನ್ನೆಲ್ಲ ಒಮ್ಮೆ ನೋಡಿಬಿಡೋಣ ಎಂದು ಶುರುಮಾಡಿದ್ದು. ಮೊದಲ ವಾರದ ಹೊಳಪಿಗೆ ನಾನು ಅಂಕ ಕೊಡುವುದಿಲ್ಲ. ಜಡಿಮಳೆಯ ಆಟಿ ತಿಂಗಳು ದಾಟಿದ ಮೇಲೆ ಸಾಮಾನು ಹೇಗಿತ್ತು ಎಂಬುದಕ್ಕೇ ಅಂಕ.

ಬಿಂಬುಳಿಯಿಂದ ಆರಂಭಿಸಿದೆ. ಬೇಸಗೆಯಲ್ಲಿ ಕಾಂಡವೇ ಕಾಣದಷ್ಟು ಗೊಂಚಲು. ಉಪ್ಪಿನಕಾಯಿಗೆ ಹಾಕಿ, ನೆರೆಯವರಿಗೆ ಕೊಟ್ಟು ಉಳಿದದ್ದು ನೆಲಕ್ಕೆ. ಅಮ್ಮ ಕಾಲುದೀಪ, ಹರಿವಾಣ ತಿಕ್ಕುತ್ತಿದ್ದದ್ದು, ಮೆಟ್ಟುಕತ್ತಿಯ ಕಲೆ ತೆಗೆಯುತ್ತಿದ್ದದ್ದು ಅದರಲ್ಲೇ. ಅದರ ಆಕ್ಸಾಲಿಕ್ ಆಮ್ಲ ತುಕ್ಕನ್ನು ಚೆನ್ನಾಗಿಯೇ ಹಿಡಿಯುತ್ತದೆ. ಜಜ್ಜಿ, ಬಾನೆಟ್ಟಿನ ತಿರುಗಣಿಗೆ ಮೆತ್ತಿ, ಒದ್ದೆ ಗೋಣಿ ಸುತ್ತಿ ಒಂದು ರಾತ್ರಿ ಇಟ್ಟರೆ ಮೇಲುತುಕ್ಕು ಬೆಳಿಗ್ಗೆ ತೆಂಗಿನ ನಾರಿಗೆ ಎದ್ದು ಬರುತ್ತದೆ. ಆದರೆ ಮೆತ್ತಿದ್ದು ಒಣಗಿದಲ್ಲಿ ಕೆಲಸ ನಿಂತಿತು, ಸಂದಿಗೊಂದಿಗೆ ಇಳಿಯುವುದೂ ಇಲ್ಲ. ಹತ್ತರಲ್ಲಿ ಐದು; ಅದರಲ್ಲಿ ಒಂದು ಅಂಕ ಅಮ್ಮನ ನೆನಪಿಗೆ. ಪುನರ್ಪುಳಿಯನ್ನೂ ಒಮ್ಮೆ ಪ್ರಯೋಗಿಸಿದೆ. ಸಾರಿಗೆಂದು ಒಣಗಿಸಿಟ್ಟ ಸಿಪ್ಪೆಯನ್ನು ಕಾರಿಗೆ ಹಾಕಿದ್ದಕ್ಕೆ ಸಿಕ್ಕ ಬೈಗುಳದ ಮುಂದೆ ಅದರ ಫಲಿತಾಂಶ ನನಗೆ ನೆನಪೇ ಇಲ್ಲ.

ಇನ್ನು ವಿನೆಗರ್. ಅಂಗಡಿಯ ಸಿಂಥೆಟಿಕ್ ವಿನೆಗರಿನಲ್ಲಿ ಅಸಿಟಿಕ್ ಆಮ್ಲ ನೂರಕ್ಕೆ ನಾಲ್ಕರಷ್ಟು. ಬಂಪರಿನ ಬ್ರಾಕೆಟ್ಟನ್ನು ಎರಡು ದಿನ ಮುಳುಗಿಸಿಟ್ಟರೆ ತುಕ್ಕು ಬಿಡುತ್ತದೆ, ವಾಸನೆಗೆ ನಾಯಿಯೂ ಶೆಡ್ಡಿನ ಕಡೆ ತಲೆ ಹಾಕುವುದಿಲ್ಲ. ಉಪ್ಪು ಸೇರಿಸಿದರೆ ಬೇಗ ಆಗುತ್ತದೆ ಎಂದು ಬಾವ ಹೇಳಿದ. ಆಯಿತು ನೋಡಿ, ಒಂದೇ ರಾತ್ರಿಯಲ್ಲಿ ಬೆಳ್ಳಗೆ! ಆದರೆ ಉಪ್ಪಿನ ಕ್ಲೋರೈಡ್ ಕಬ್ಬಿಣದ ಸಣ್ಣ ಗುಳಿಗಳಲ್ಲಿ ಕೂತುಬಿಡುತ್ತದೆ, ಎಷ್ಟು ತೊಳೆದರೂ ಪೂರ್ತಿ ಹೊರಡದು. ಜೂನ್ ಬಂದದ್ದೇ ತಡ, ಹೊಸ ಬಣ್ಣದ ಅಡಿಯಿಂದ ಗುಳ್ಳೆ ಎದ್ದಿತು. ಕುಂಬಳೆಯಲ್ಲಿ ಕಡಲ ಬದಿಗಿರುವ ಬಾವನ ಮನೆಯ ಗೇಟನ್ನು ನೋಡಿದ್ದವನು ನಾನು. ತುಕ್ಕಿನ ವಿಷಯದಲ್ಲಿ ಅವನ ಮಾತು ಕೇಳಬಾರದಿತ್ತು.

ಅದೇ ಬಕೆಟ್ಟಿಗೆ ಸತುವಿನ ಲೇಪವಿದ್ದ ಹೊಸ ಬೋಲ್ಟುಗಳನ್ನೂ ಹಾಕಿದ್ದೆ. ಸೋಡಾ ಬಾಟ್ಲಿ ತೆರೆದಂತೆ ನೊರೆ ಬಂತು. ತುಕ್ಕಿಗಿಂತ ಮೊದಲು ಹುಳಿ ತಿನ್ನುವುದು ಸತುವನ್ನೇ. ಒಂದು ವಾರದಲ್ಲಿ ಆ ಬೋಲ್ಟುಗಳು ಹಳೆಯವಕ್ಕಿಂತ ಹಳೆಯವಾದವು. ಕ್ರೋಮಿನ ಹಬ್ ಕ್ಯಾಪಿಗೂ ಇದೇ ಗತಿ: ಸೂಜಿಮೊನೆಯಷ್ಟಿದ್ದ ತುಕ್ಕಿನ ಚುಕ್ಕೆಗಳ ಮೂಲಕ ಹುಳಿ ಅಡಿಗೆ ನುಗ್ಗಿ ಕ್ರೋಮ್ ಹಪ್ಪಳದಂತೆ ಎದ್ದಿತು. ಉಳಿದ ಮೂರು ಕ್ಯಾಪುಗಳಿಗೆ ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲನ್ನು ಉಂಡೆ ಮಾಡಿ, ಬರೀ ನೀರಿನಲ್ಲಿ ಅದ್ದಿ ಮೆತ್ತಗೆ ತಿಕ್ಕಿದೆ. ಅಲ್ಯುಮಿನಿಯಂ ಕ್ರೋಮಿಗಿಂತ ಮೃದು, ಹಾಗಾಗಿ ಗೀರು ಬೀಳಲಿಲ್ಲ. ಕ್ರೋಮಿಗೆ ಇದಕ್ಕೆ ಒಂಬತ್ತು ಕೊಡುತ್ತೇನೆ, ಬೇರೆ ಯಾವುದಕ್ಕೂ ಇದು ಬೇಡ.

ಈಗ ನನ್ನ ಶೆಡ್ಡಿನಲ್ಲಿ ಕಾಯಂ ಆಗಿ ಉಳಿದಿರುವುದು ಸಿಟ್ರಿಕ್ ಆಸಿಡ್. ಪುಡಿಯಾಗಿ ಸಿಗುತ್ತದೆ, ಅಡುಗೆಯವರು ನಿಂಬೆ ಉಪ್ಪು ಎನ್ನುತ್ತಾರೆ. ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ ನನ್ನ ಅಳತೆ. ನೀರು ಬಚ್ಚಲ ಹಂಡೆಯದು, ಪಾತ್ರೆ ಪೇಂಟಿನ ಹಳೆಯ ಪ್ಲಾಸ್ಟಿಕ್ ಬಕೆಟ್. ಸಾಮಾನನ್ನು ಮೊದಲು ಸೋಪುನೀರಲ್ಲಿ ಗ್ರೀಸ್ ಹೋಗುವಂತೆ ತೊಳೆಯಬೇಕು. ಎಣ್ಣೆ ಇದ್ದಲ್ಲಿ ಹುಳಿ ತಾಗುವುದೇ ಇಲ್ಲ. ನಾಲ್ಕರಿಂದ ಆರು ಗಂಟೆ, ನಡುವೆ ಒಂದೆರಡು ಸಲ ವೈರ್ ಬ್ರಶ್. ಈ ಆಮ್ಲದ ಗುಣವೆಂದರೆ ಕರಗಿದ ಕಬ್ಬಿಣವನ್ನು ತನ್ನ ಜೊತೆ ಕಟ್ಟಿಕೊಂಡು ನೀರಿನಲ್ಲೇ ಇಟ್ಟುಕೊಳ್ಳುತ್ತದೆ. ಕಬ್ಬಿಣ ಬೂದುಬಣ್ಣಕ್ಕೆ ತಿರುಗಿತೆಂದರೆ ಕೆಲಸ ಮುಗಿದಂತೆ. ಆಮೇಲೂ ಬಿಟ್ಟರೆ ಅದು ಒಳ್ಳೆಯ ಕಬ್ಬಿಣವನ್ನೇ ತಿನ್ನತೊಡಗುತ್ತದೆ. ಒಮ್ಮೆ ಬಾಗಿಲಿನ ತಿರುಗಣಿಯ ಪಿನ್ನುಗಳನ್ನು ಹಾಕಿಟ್ಟು ನೆನಪಿಲ್ಲದೆ ಯಕ್ಷಗಾನಕ್ಕೆ ಹೋದೆ. ಬೆಳಗಿನ ಜಾವ ಬಂದು ನೋಡಿದರೆ ಪಿನ್ನು ಕಪ್ಪಾಗಿ, ಅಂಚು ಸವೆದು, ತೂತಿನಲ್ಲಿ ಲಟಲಟ. ಅದು ನನ್ನ ತಪ್ಪು, ಪುಡಿಯದ್ದಲ್ಲ. ಎಂಟೂವರೆ.

ಎಲ್ಲ ಹುಳಿಗಳಿಗೂ ಸೇರಿ ನಾನು ಪಟ್ಟ ಪಾಡು ಬೇರೆಯೇ. ಮೊದಲ ವರ್ಷ ಇಡೀ ತೆಗೆದದ್ದೆಲ್ಲ ಮತ್ತೆ ಬಂತು. ಬಕೆಟ್ಟಿನಿಂದ ಎತ್ತಿ, ತೊಳೆದು, ಚಹಾ ಕುಡಿದು ಬರುವಷ್ಟರಲ್ಲಿ ಬೂದುಬಣ್ಣದ ಮೇಲೆ ಅರಸಿನ ಸವರಿದಂತೆ ಹೊಸ ತುಕ್ಕು. ಬೋಳಾದ ಕಬ್ಬಿಣಕ್ಕೆ ನಮ್ಮ ಊರಿನ ಗಾಳಿಯೇ ಸಾಕು. ಹುಳಿಯ ಆಯ್ಕೆಗೆ ತಲೆ ಕೆಡಿಸಿಕೊಂಡಿದ್ದೆ, ಹೊರತೆಗೆದ ಮೇಲಿನ ಅರ್ಧ ಗಂಟೆಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಈಗಿನ ಕ್ರಮ ಹೀಗೆ. ಎತ್ತಿದ ಕೂಡಲೇ ಬೂದಿನೀರಿಗೆ. ಬಚ್ಚಲ ಒಲೆಯ ಬೂದಿಯನ್ನು ನೀರಲ್ಲಿ ಕದಡಿ ತಿಳಿಯಾಗಿಸಿದರೆ ಒಳ್ಳೆಯ ಕ್ಷಾರ, ಉಳಿದ ಹುಳಿಯನ್ನು ಕೊಲ್ಲುತ್ತದೆ. ಅಡುಗೆ ಸೋಡಾವೂ ಆದೀತು, ಬೂದಿ ಪುಕ್ಕಟೆ. ಆಮೇಲೆ ಬಿಸಿಬಿಸಿ ನೀರು, ಯಾಕೆಂದರೆ ಕಬ್ಬಿಣ ಬಿಸಿಯಾದರೆ ತಾನೇ ಬೇಗ ಒಣಗುತ್ತದೆ. ಬಟ್ಟೆಯಲ್ಲಿ ಒರಸಿ, ಅಡಿಕೆ ಹಾಳೆಯ ಮೇಲೆ ಹರಡಿ, ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಗೂಡಿನೊಳಗೆ. ಕುಂಭ ಮಾಸದ ಬಿಸಿಲಿಗೆ ಅದರೊಳಗೆ ಹತ್ತು ನಿಮಿಷ ನಿಂತರೆ ಮನುಷ್ಯನೂ ಒಣಗುತ್ತಾನೆ. ಕೈಗೆ ಬಿಸಿ ತಾಗುತ್ತಿರುವಾಗಲೇ ಎಣ್ಣೆ ಅಥವಾ ರೆಡ್ ಆಕ್ಸೈಡ್ ಪ್ರೈಮರ್. ಈ ಕ್ರಮ ಹಿಡಿದ ಮೇಲೆ ಮಾಡಿದ ಸಾಮಾನುಗಳು ಮೂರು ಮಳೆಗಾಲ ಕಂಡಿವೆ, ಎರಡು ಬ್ರಾಕೆಟ್ ಬಿಟ್ಟು ಉಳಿದವು ಹಾಗೇ ಇವೆ. ಮಳೆಗಾಲದಲ್ಲಿ ನಾನು ಬಕೆಟ್ ಮುಟ್ಟುವುದೇ ಇಲ್ಲ.

ಎಣ್ಣೆಯೆಂದರೆ ತೆಂಗಿನೆಣ್ಣೆ ಬೇಡ. ಮನೆಯದೇ ಎಂದು ಧಾರಾಳವಾಗಿ ಸವರಿದ್ದೆ. ಇರುವೆಗೆ ಔತಣ, ಧೂಳಿಗೆ ಅಂಟು, ಎರಡು ತಿಂಗಳಿಗೆ ಕಮಟು ವಾಸನೆ. ಬಳಸಿ ಬಿಟ್ಟ ಇಂಜಿನ್ ಆಯಿಲ್ ತೆಳ್ಳಗೆ ಸವರಿದರೆ ಅದಕ್ಕಿಂತ ಎಷ್ಟೋ ವಾಸಿ.

ದಪ್ಪ ಪದರು ಪದರಾಗಿ ಎದ್ದ ತುಕ್ಕಿಗೆ ಹುಳಿ ಹತ್ತುವುದಿಲ್ಲ. ಜಾಕಿಗೆ ನಾನು ಹಿಡಿದದ್ದು ವಾಷಿಂಗ್ ಸೋಡಾ ಮತ್ತು ಕರೆಂಟು. ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ, 12 ವೋಲ್ಟಿನ ಹಳೆಯ ಬ್ಯಾಟರಿ ಚಾರ್ಜರ್, ಅದರ ನೆಗೆಟಿವ್ ತಂತಿ ಜಾಕಿಗೆ, ಪಾಸಿಟಿವ್ ಒಂದು ಬೇಡದ ಕಬ್ಬಿಣದ ತುಂಡಿಗೆ. ಎರಡೂ ಒಂದಕ್ಕೊಂದು ತಾಗಬಾರದು, ಕೈ ಹಾಕುವ ಮೊದಲು ಸ್ವಿಚ್ ಆರಿಸಬೇಕು. ಬೇಡದ ತುಂಡು ಸ್ಟೀಲಿನ ತಟ್ಟೆ, ಸೌಟು ಆಗಬಾರದು. ಅದರ ಕ್ರೋಮಿಯಂ ನೀರಿಗಿಳಿದು ವಿಷವಾಗುತ್ತದೆ. ಹೈಡ್ರೋಜನ್ ಗುಳ್ಳೆ ಏಳುವುದರಿಂದ ಜಾಲಿನಲ್ಲೇ (ಅಂಗಳದಲ್ಲೇ), ಬೀಡಿ ಸೇದುವವರಿಂದ ದೂರ. ಒಂದು ಹಗಲಿನಲ್ಲಿ, ನಡುವೆ ಎರಡು ಸಲ ಕರೆಂಟು ಹೋಗಿಯೂ, ತುಕ್ಕು ಕರಿ ಕೆಸರಾಗಿ ಕಳಚಿಬಿತ್ತು. ಒಳ್ಳೆಯ ಕಬ್ಬಿಣಕ್ಕೆ ಏನೂ ಆಗಲಿಲ್ಲ. ಒಂಬತ್ತು ಕೊಡಬಹುದಿತ್ತು, ಮೈಯೆಲ್ಲ ಕಣ್ಣಾಗಿ ಕಾಯಬೇಕಾದ್ದಕ್ಕೆ ಒಂದು ಕಳೆದಿದ್ದೇನೆ. ಅಲ್ಯುಮಿನಿಯಂ ಸಾಮಾನನ್ನು ಮಾತ್ರ ಈ ಸೋಡಾನೀರಿಗೆ ಇಳಿಸಬೇಡಿ, ಕ್ಷಾರ ಅದನ್ನು ತಿನ್ನುತ್ತದೆ.

ಬ್ರೇಕಿನ ಸ್ಪ್ರಿಂಗುಗಳನ್ನು ನಿಂಬೆ ಉಪ್ಪಿಗೆ ಹಾಕಲು ಹೊರಟವನನ್ನು ತಡೆದದ್ದು ನಮ್ಮ ಮೆಕ್ಯಾನಿಕ್. "ತುರುಂಬು ಹೋಗ್ತದೆ ಮಾಷೇ, ಸ್ಪ್ರಿಂಗೂ ಹೋಗ್ತದೆ" ಎಂದ. ತುರುಂಬು ಎಂದರೆ ತುಕ್ಕು. ಗಟ್ಟಿಮಾಡಿದ ಉಕ್ಕಿನೊಳಗೆ ಆಮ್ಲದಿಂದ ಬಿಡುಗಡೆಯಾದ ಹೈಡ್ರೋಜನ್ ಹೊಕ್ಕು ಅದನ್ನು ಪೆಡಸು ಮಾಡುತ್ತದೆ, ಭಾರ ಬಿದ್ದಾಗ ಫಟ್ ಎಂದು ಮುರಿಯುತ್ತದೆ. ಅವನಿಗೆ ಕಾರಣ ಬೇಕಿರಲಿಲ್ಲ, ಮುರಿದ ಸ್ಪ್ರಿಂಗ್ ಕಂಡಿದ್ದ. ಬ್ರೇಕಿನ ಸಣ್ಣ ಸಾಮಾನುಗಳನ್ನು ಹೊಸತೇ ಹಾಕಿಸಿದೆ.

ಮತ್ತೊಂದು ಮಾತು: ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯ ಡಬ್ಬಿಯನ್ನು ಹುಳಿಯ ಬಕೆಟ್ಟಿನ ಹತ್ತಿರವೂ ಇಡಬೇಡಿ. ಎರಡೂ ಬೆರೆತರೆ ಕ್ಲೋರಿನ್ ಅನಿಲ. ಬಳಸಿದ ನೀರನ್ನು ನಾನು ಬೂದಿ ಹಾಕಿ ಹುಳಿ ಕಳೆದು, ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದ ನೀರು ಹರಿಯುವ ಕಡೆ ಬಿಟ್ಟು ಬೇರೆ ಕಡೆ ಚೆಲ್ಲುತ್ತೇನೆ.

ಡಿಕ್ಕಿಯ ತಳಕ್ಕೆ ಮಾತ್ರ ಯಾವ ಹುಳಿಯೂ ಒದಗಲಿಲ್ಲ. ಸುತ್ತಿಗೆಯಿಂದ ಮೆತ್ತಗೆ ತಟ್ಟಿದರೆ ಕೆಳಗಿನ ನೆಲ ಕಂಡಿತು. ಉಳಿದ ಕಡೆ ಇಲ್ಲದಷ್ಟು ತುಕ್ಕು ಅಲ್ಲೇಕೆ ಎಂದು ಬಹಳ ದಿನ ಯೋಚಿಸಿದೆ. ಅಡಿಕೆಗೆ ಸಿಂಪಡಿಸಲು ಮೈಲುತುತ್ತು, ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಕಲಸುವಾಗ ಕತ್ತಿಯ ಅಲಗನ್ನು ಅದ್ದಿ ನೋಡುವುದು ಎಲ್ಲ ಅಡಿಕೆ ಬೆಳೆಗಾರರಿಗೂ ಗೊತ್ತು: ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ಅಪ್ಪನ ಚೀಲದಿಂದ ವರ್ಷ ವರ್ಷ ಸೋರಿದ ಮೈಲುತುತ್ತು ಡಿಕ್ಕಿಯ ತಗಡಿನ ಮೇಲೆ ಇದೇ ಪರೀಕ್ಷೆ ಮಾಡಿತ್ತು. ಕೂತ ತಾಮ್ರದ ಪಕ್ಕದಲ್ಲಿ ಒದ್ದೆಯಾದ ಕಬ್ಬಿಣ ಇನ್ನಷ್ಟು ವೇಗದಲ್ಲಿ ಕರಗುತ್ತದೆ, ಸುಣ್ಣ ಹಾಕುವವರು ಅಲ್ಲಿ ಯಾರೂ ಇರಲಿಲ್ಲ. ಕೊನೆಗೆ ಟಿಂಕರಿಂಗಿನವನು ತಳ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಕೊಟ್ಟ. ಈಗ ಮೈಲುತುತ್ತು ಬಾಡಿಗೆ ಜೀಪಿನಲ್ಲಿ ಬರುತ್ತದೆ.