ಹಳೇ ಎಚ್‌ಎಂಟಿ ವಾಚು: ಸಂಡೇ ಬಜಾರ್, ಆನ್‌ಲೈನ್, ರಿಪೇರಿ ಅಂಗಡಿ ಮೂರರಲ್ಲೂ ಕೊಂಡು ನೋಡಿದೆ

ಅಪ್ಪನ ಮದುವೆಗೆ ತಾತ ಕೊಟ್ಟಿದ್ದು ಒಂದು ಎಚ್‌ಎಂಟಿ ಜನತಾ. ಬಿಳಿ ಡಯಲ್, ಕೀ ಕೊಡುವ ವಾಚು. ಮನೆ ಬದಲಾಯಿಸುವಾಗ ಅದು ಎಲ್ಲೋ ಕಳೆದುಹೋಯಿತು. ಅಪ್ಪ ಯಾರನ್ನೂ ಬೈಯಲಿಲ್ಲ. ಆದರೆ ಟೈಮ್ ಎಷ್ಟು ಅಂತ ಕೇಳಿದರೆ ಈಗಲೂ ಖಾಲಿ ಎಡಗೈ ತಿರುಗಿಸಿ ನೋಡುತ್ತಾರೆ. ಅಂಥದ್ದೇ ಒಂದು ಹುಡುಕಿ ಕೊಡಬೇಕು ಅನ್ನಿಸಿತು.

ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿದ್ದು 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ. 2016ರಲ್ಲಿ ಅದರ ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿತು. ಅಪ್ಪನ ಕಾಲದ ಜನತಾನೇ ಬೇಕು ಅಂದರೆ ಸೆಕೆಂಡ್ ಹ್ಯಾಂಡ್ ಕೊಳ್ಳಲೇಬೇಕು.

ಮೊದಲು ಸುಲಭದ ದಾರಿ ಹಿಡಿದೆ. ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರ ಹಾಕಿದ್ದ ಫೋಟೊದಲ್ಲಿ ವಾಚು ಫಳಫಳ ಹೊಳೆಯುತ್ತಿತ್ತು. 1,850 ರೂಪಾಯಿ. ನಾಲ್ಕು ದಿನಕ್ಕೆ ಮನೆಗೆ ಬಂತು, ಚೆನ್ನಾಗಿ ಓಡಿತು. ಕಣ್ಣಿಗೆ ಮಾತ್ರ ಏನೋ ಸರಿ ಕಾಣಲಿಲ್ಲ. ಮಲ್ಲೇಶ್ವರದಲ್ಲಿ ನಮಗೆ ಗೊತ್ತಿರುವ ಹಳೇ ವಾಚ್ ರಿಪೇರಿಯವರಿಗೆ ತೋರಿಸಿದೆ. ಅವರು ಭೂತಗನ್ನಡಿ ಕಣ್ಣಿಗಿಟ್ಟು ನೋಡಿ, ‘ಇದು ಮುಂಬೈ ಸ್ಪೆಷಲ್’ ಅಂದರು.

ಹಾಗಂದರೆ ಹಳೇ ವಾಚಿನ ಡಯಲ್ ತೆಗೆದು, ಬಣ್ಣ ಬಳಿದು, ಅದರ ಮೇಲೆ ಹೊಸದಾಗಿ ಅಕ್ಷರ ಅಚ್ಚು ಹಾಕಿರುವುದು. ಕಂಡುಹಿಡಿಯುವುದು ಹೇಗೆ ಅಂತ ಅವರೇ ತೋರಿಸಿಕೊಟ್ಟರು. ಅಸಲಿ ಡಯಲಿನ ಅಕ್ಷರ ಸಣ್ಣಗೆ, ಚೂಪಾಗಿ ಇರುತ್ತದೆ. ನನ್ನದರಲ್ಲಿ ಅಕ್ಷರ ದಪ್ಪ, ಅಂಚಿನಲ್ಲಿ ಮಸಿ ಹರಡಿದ ಹಾಗಿತ್ತು. ಸೆಕೆಂಡ್ ಮುಳ್ಳು ಅಂಚಿನ ಗೆರೆಗಳ ತನಕ ಮುಟ್ಟಬೇಕು, ಇದರದ್ದು ಗಿಡ್ಡ. ಕೇಸನ್ನು ಎಷ್ಟು ಉಜ್ಜಿದ್ದರು ಅಂದರೆ ಮೂಲೆಗಳೆಲ್ಲ ಸೋಪಿನ ಹಾಗೆ ಸವೆದಿದ್ದವು. ನಲವತ್ತು ವರ್ಷದ ಡಯಲ್ ಒಂದು ಚೂರೂ ಹಳದಿಯಾಗದೆ ಇದ್ದರೆ ಅನುಮಾನ ಪಡಬೇಕು, ಅಲ್ವಾ? ವಾಪಸ್ ತಗೊಳ್ಳಿ ಅಂತ ಮಾರಾಟಗಾರನಿಗೆ ಬರೆದೆ. ಉತ್ತರ ಬರಲಿಲ್ಲ. ‘ಪುಣ್ಯಕ್ಕೆ ಒಳಗಿನ ಮಿಷನ್ ಅಸಲಿ, ಗಟ್ಟಿಯಾಗಿದೆ, ಎಸೀಬೇಡಿ’ ಅಂದರು ರಿಪೇರಿಯವರು.

ಆಮೇಲೆ ಮೂರು ಭಾನುವಾರ ಸಂಡೇ ಬಜಾರ್‌ಗೆ ಹೋದೆ. ಕೆ.ಆರ್. ಮಾರ್ಕೆಟ್ ಹತ್ತಿರ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಕಡೆ. ವಾರವೆಲ್ಲ ಅಂಗಡಿಗಳು ತುಂಬಿರುವ ಜಾಗದಲ್ಲಿ ಅವತ್ತು ಟಾರ್ಪಾಲು ಹಾಸಿ ಏನೇನೋ ಹರವಿರುತ್ತಾರೆ: ಡ್ರಿಲ್ಲು, ರೇಡಿಯೊ, ಬೂಟು, ಕನ್ನಡಕ, ಯಾರದೋ ಮನೆಯ ಗೋಡೆ ಗಡಿಯಾರ. ಬೇಗ ಹೋದರೇ ಒಳ್ಳೆಯದು. ಆರೂವರೆಗೆ ಹೋದ ದಿನ ಬುಟ್ಟಿಗಳಲ್ಲಿ ಇನ್ನೂ ವಾಚು ಇತ್ತು. ಒಂಬತ್ತಕ್ಕೆ ಹೋದ ದಿನ ಬರೀ ಬೆಲ್ಟು ಉಳಿದಿತ್ತು.

ಅಲ್ಲಿ ಮೊದಲು ಹೇಳುವ ರೇಟಿಗೆ ಅರ್ಥವೇ ಇಲ್ಲ. 700 ಅಂದಿದ್ದನ್ನು 300ಕ್ಕೆ ಕೊಟ್ಟರು. ಇನ್ನೂ ಬೋಣಿ ಆಗಿಲ್ಲ ಅಂದವರ ಹತ್ತಿರ ಚೌಕಾಸಿ ಜಾಸ್ತಿ ಮಾಡಲು ನನಗೆ ಮನಸ್ಸು ಬರಲಿಲ್ಲ, ಅವರಾಗಿಯೇ ಇಳಿಸಿದರು. ನಾನು ಆರಿಸಿದ ಜನತಾ ಕೈಯಲ್ಲಿ ಹಿಡಿದಾಗ ಟಿಕ್ ಟಿಕ್ ಅನ್ನುತ್ತಿತ್ತು. ಮನೆಗೆ ಬರುವಷ್ಟರಲ್ಲಿ ನಿಂತಿತು. ಎಣ್ಣೆ ಒಣಗಿದ ವಾಚು ಅಲ್ಲಾಡಿಸಿದರೆ ಸ್ವಲ್ಪ ಹೊತ್ತು ಓಡುತ್ತದೆ, ಅದನ್ನು ನಂಬಬಾರದು ಅಂತ ಆಮೇಲೆ ತಿಳಿಯಿತು. ಅಲ್ಲೇ ಹತ್ತು ನಿಮಿಷ ಸುಮ್ನೆ ಕೆಳಗಿಟ್ಟು ನೋಡಬೇಕಿತ್ತು. ಕೀ ಕೊಡುತ್ತಲೇ ಹೋದರೂ ಬಿಗಿ ಸಿಗದಿದ್ದರೆ ಸ್ಪ್ರಿಂಗ್ ಮುರಿದಿದೆ ಅಂತ ಲೆಕ್ಕ. ಅಂಥದ್ದನ್ನು ಮುಟ್ಟಬೇಡಿ. ಬಿಲ್ಲು, ಗ್ಯಾರಂಟಿ ಯಾವುದೂ ಇರುವುದಿಲ್ಲ. ಹಾಗಾಗಿ ಫೋನು ಮಾತ್ರ ಅಲ್ಲಿ ಕೊಳ್ಳಲೇಬೇಡಿ, ಅದು ಯಾರಿಂದ ಬಂದಿದ್ದೋ ಏನೋ.

ಆದರೆ ಹುಡುಕುವ ಖುಷಿ ಅಂದರೆ ಅಲ್ಲಿಯದೇ. ಎರಡನೇ ಭಾನುವಾರ ತುಕ್ಕು ಸ್ಪ್ಯಾನರುಗಳ ರಾಶಿಯಲ್ಲಿ ಹಿತ್ತಾಳೆ ಹಿಡಿಯ ಒಂದು ಅಡಕತ್ತರಿ ಕಂಡಿತು. ಹಿಡಿಯ ಮೇಲೆ ಗಿಳಿಯ ಕೆತ್ತನೆ. 200 ರೂಪಾಯಿ ಕೊಟ್ಟೆ. ಅಜ್ಜಿ ಅದನ್ನು ಕೈಗೆ ತಗೊಂಡವರು ಕೆಳಗಿಡಲೇ ಇಲ್ಲ. ಆನ್‌ಲೈನಿನಲ್ಲಿ ಬೇಕಾದ್ದನ್ನು ಟೈಪ್ ಮಾಡಿ ಹುಡುಕುತ್ತೇವೆ. ಈ ಅಡಕತ್ತರಿ ಬೇಕು ಅಂತ ನನಗೆ ಗೊತ್ತೇ ಇರಲಿಲ್ಲ.

ಕೊನೆಗೆ ಅದೇ ರಿಪೇರಿಯವರನ್ನು ಕೇಳಿದೆ. ‘ಎರಡು ವಾರ ಬಿಟ್ಟು ಬನ್ನಿ’ ಅಂದರು. ಅವರ ಹತ್ತಿರ ಗಿರಾಕಿಗಳು ಮಾರಿಹೋದ ವಾಚುಗಳು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿವೆ. ಅದರಲ್ಲಿ ಒಂದನ್ನು ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಇಟ್ಟಿದ್ದರು. ಹಿಂಬದಿ ತೆರೆದು ಮಿಷನ್ ತೋರಿಸಿದರು. ಡಯಲ್ ಕೆನೆ ಬಣ್ಣಕ್ಕೆ ತಿರುಗಿತ್ತು, ‘17 ಜುವೆಲ್ಸ್’ ಅನ್ನುವ ಅಕ್ಷರ ಕೂದಲಿನಷ್ಟು ತೆಳ್ಳಗೆ. 1,400 ರೂಪಾಯಿ, ಒಂದೇ ರೇಟು. ಆರು ತಿಂಗಳು ಏನೇ ಆದರೂ ತನ್ನಿ ಅಂದರು. ಆಯ್ಕೆ ಕಡಿಮೆ, ಅದು ನಿಜ. ಎಚ್‌ಎಂಟಿಯದೇ ಕಪ್ಪು ಡಯಲಿನ ಪೈಲಟ್ ಮಾಡೆಲ್ ಇದೆಯಾ ಅಂತಲೂ ಕೇಳಿದ್ದೆ, ಇರಲಿಲ್ಲ. ಇವತ್ತು ಹೋಗಿ ಇವತ್ತೇ ತರುವ ಜಾಗ ಅದಲ್ಲ.

ದುಡ್ಡಿನ ಲೆಕ್ಕ ಹೀಗೆ. ಬಜಾರಿನ 300ರ ವಾಚು ಓಡುವಂತಾಗಲು ಸರ್ವಿಸಿಗೆ 600 ಆಗುತ್ತಿತ್ತು, ಸೇರಿ 900. ಆದರೂ ಅಗ್ಗವೇ. ಆದರೆ ಒಳಗೆ ಏನು ಮುರಿದಿದೆ ಅಂತ ಗೊತ್ತಿಲ್ಲದೆ ಕೊಡುವ 300 ಅದು. ಆನ್‌ಲೈನ್ ಎಲ್ಲಕ್ಕಿಂತ ದುಬಾರಿಯಾಯಿತು, ಮೋಸವೂ ಅಲ್ಲೇ ಆಯಿತು. ಅಲ್ಲಿ ಕೊಳ್ಳಲೇಬೇಕು ಅಂದರೆ ಹಿಂಬದಿ ತೆರೆದ ಫೋಟೊ ಕೇಳಿ, ಡಯಲಿನದ್ದು ಹತ್ತಿರದಿಂದ ತೆಗೆದದ್ದು ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ. ಕೈಗೆ ಕಟ್ಟಿಕೊಳ್ಳುವ ವಾಚಿಗೆ ನನ್ನ ಮತ ರಿಪೇರಿ ಅಂಗಡಿಗೇ. ಅಂಗಡಿಯವರು ಅದರ ಒಳಗನ್ನು ಕಣ್ಣಾರೆ ನೋಡಿರುತ್ತಾರೆ, ನಾಳೆಯೂ ಅದೇ ಬೀದಿಯಲ್ಲಿ ಸಿಗುತ್ತಾರೆ.

ಅಪ್ಪನ ಕೈಯಲ್ಲಿರುವುದು ಅಂಗಡಿಯ ವಾಚೇ. ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಕೀ ಕೊಡುತ್ತಾರೆ. ಇನ್ನುಳಿದ ಎರಡನ್ನು ರಿಪೇರಿಯವರೇ ಒಂದು ಮಾಡಿಕೊಟ್ಟರು: ಬಜಾರಿನ ವಾಚಿನ ಹಳದಿ ಡಯಲ್, ಮುಳ್ಳು ಮತ್ತು ಕೇಸು, ಆನ್‌ಲೈನ್ ವಾಚಿನ ಮಿಷನ್. ಅದು ನನ್ನ ಕೈಯಲ್ಲಿದೆ, ದಿನಕ್ಕೆ ಅರ್ಧ ನಿಮಿಷ ಮುಂದೆ ಓಡುತ್ತದೆ.