ಕೊರೋ ಚಿತ್ರಕ್ಕೆ ಕಟ್ಟು ಹಾಕಿಸಿದ ಅಂಗಡಿ, ತುಮಕೂರು

ಎಂ.ಜಿ. ರಸ್ತೆಯಿಂದ ಒಳಗೆ ತಿರುಗುವ ಗಲ್ಲಿಯೊಂದರಲ್ಲಿ ಫೋಟೋಗೆ ಕಟ್ಟು ಹಾಕುವ ಅಂಗಡಿ ಇದೆ. ಹೆಸರಿನ ಬೋರ್ಡ್ ಇಲ್ಲ. ಪಕ್ಕದಲ್ಲಿ ಹೊಲಿಗೆ ಮೆಷಿನ್ ರಿಪೇರಿ ಮಾಡುವವರಿದ್ದಾರೆ, ಅದೇ ಗುರುತು. ಎಂಟು ಅಡಿ ಅಗಲದ ಜಾಗ. ಗೋಡೆ ತುಂಬಾ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ ಫೋಟೋಗಳು, ಲಕ್ಷ್ಮಿ, ಮದುವೆ ಫೋಟೋಗಳು, ತೀರಿಕೊಂಡ ಹಿರಿಯರ ಫೋಟೋಗಳು. ಅಲ್ಲಿ ನಾನು ಫ್ರೆಂಚ್ ಚಿತ್ರಕಾರ ಕಮೀಯ್ ಕೊರೋ ಬರೆದ ಎರಡು ಚಿತ್ರಗಳ ಪ್ರಿಂಟಿಗೆ ಕಟ್ಟು ಹಾಕಿಸಿದೆ. ಇಷ್ಟು ಚೆನ್ನಾಗಿ ಮಾಡಿಕೊಟ್ಟ ಮೇಲೆ ನಾಲ್ಕು ಜನಕ್ಕೆ ಹೇಳಲೇಬೇಕು ಅನ್ನಿಸಿತು.

ನನ್ನದು ಬಟ್ಟೆ ವ್ಯಾಪಾರ. ಅಪ್ಪನ ಕಾಲದಿಂದ ಚಿಕ್ಕಪೇಟೆಯಲ್ಲಿ ಅಂಗಡಿ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋಯರ್, ಹೈಯರ್ ಎರಡೂ ಪಾಸ್ ಮಾಡಿದ್ದೆ. ಆಮೇಲೆ ಗಲ್ಲಾ ಮುಂದೆ ಕೂತೆ. ಅದಕ್ಕೇ ಇರಬೇಕು, ಕಮೀಯ್ ಕೊರೋ ಕತೆ ಓದಿದಾಗ ಸುಮ್ನೆ ಇರಲಾಗಲಿಲ್ಲ.

ಕೊರೋ ಹುಟ್ಟಿದ್ದು 1796ರಲ್ಲಿ, ಪ್ಯಾರಿಸ್ಸಿನಲ್ಲಿ. ತಾಯಿಯದು ಹೆಂಗಸರ ಟೋಪಿ ಅಂಗಡಿ, ತಂದೆ ಅದರ ಲೆಕ್ಕ ನೋಡುತ್ತಿದ್ದರು. ಮಗನನ್ನು ಬಟ್ಟೆ ವ್ಯಾಪಾರಕ್ಕೆ ಹಾಕಿದರು. ಥಾನು ಬಿಚ್ಚುವುದು, ಅಳೆಯುವುದು, ಮಡಚುವುದು ಅಂದರೆ ಏನು ಅಂತ ನನಗೆ ಗೊತ್ತು. ಅವರಿಗೆ ಅದು ಹಿಡಿಸಲಿಲ್ಲ. 26ರ ವಯಸ್ಸಿಗೆ ಅಪ್ಪನ ಮುಂದೆ ನಿಂತು ಚಿತ್ರ ಬರೀತೀನಿ ಅಂದರು. ತೀರಿಕೊಂಡ ತಂಗಿಗೆ ಕೊಡುತ್ತಿದ್ದ ವರ್ಷಕ್ಕೆ 1,500 ಫ್ರಾಂಕನ್ನು ಅಪ್ಪ ಇವರಿಗೆ ಮಾಡಿಕೊಟ್ಟರು. 1825ರಲ್ಲಿ ಇಟಲಿಗೆ ಹೊರಟಾಗ ಮನೆಯವರು ಕೇಳಿದ್ದು ಒಂದೇ: ನಿನ್ನ ಮುಖ ಬರೆದು ನಮಗೆ ಕೊಟ್ಟು ಹೋಗು. ಆ ಚಿತ್ರ ಈಗ ಲೂವ್ರ್ ಮ್ಯೂಸಿಯಂನಲ್ಲಿದೆ. 1846ರಲ್ಲಿ, ಮಗನಿಗೆ ಐವತ್ತಾಗುವ ಹೊತ್ತಿಗೆ, ಸರ್ಕಾರದ ದೊಡ್ಡ ಗೌರವ ಲೀಜನ್ ಆಫ್ ಆನರ್ ಬಂತು. ಅಲ್ಲಿವರೆಗೂ ಖರ್ಚಿಗೆ ಅಪ್ಪನ ದುಡ್ಡೇ. ಅಷ್ಟು ವರ್ಷ ಕೊಡುತ್ತಲೇ ಇದ್ದರಲ್ಲ ಆ ಅಪ್ಪ, ಅವರನ್ನೂ ನಾನು ಮರೆಯಲಾರೆ.

ಈಗ ಚಿತ್ರದ ವಿಷಯ. ‘ಮೋರ್ತ್‌ಫೋಂತೆನ್‌ನ ನೆನಪು’ ಅಂತ, 1864ರದ್ದು. ಮೋರ್ತ್‌ಫೋಂತೆನ್ ಫ್ರಾನ್ಸಿನ ಒಂದು ಊರು. ಆಗ ಅವರಿಗೆ 67. ಮಂಜು ಕವಿದ ಕೆರೆ. ಬಲಗಡೆ ಒಂದು ದೊಡ್ಡ ಮರ ಬಾಗಿದೆ. ಎಡಗಡೆ ಸಣಕಲು ಮರ, ಅದರತ್ತ ಕೈ ಎತ್ತಿ ನಿಂತ ಹೆಂಗಸು, ಜೊತೆಗೆ ಇಬ್ಬರು ಮಕ್ಕಳು. ಕೆರೆ ಮುಂದೆ ಕೂತು ಬರೆದದ್ದಲ್ಲ, ನೋಡಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಆಮೇಲೆ ಬರೆದದ್ದು. ನನಗಂತೂ ಬೆಳಿಗ್ಗೆ ಆರು ಗಂಟೆಯ ಅಮಾನಿಕೆರೆ ನೆನಪಾಗುತ್ತದೆ, ಚಳಿಗಾಲದಲ್ಲಿ ಆಚೆ ದಡ ಕಾಣದಿರುವಾಗ.

ಮೊದಲು ಇದನ್ನು ಆನ್‌ಲೈನಿನಲ್ಲಿ ಒಂದು ಕಡೆಯಿಂದ ತರಿಸಿದ್ದೆ. 18 ಇಂಚಿನ ಚೌಕ ಬಂತು. ಅಸಲಿ ಚಿತ್ರ 65 ಸೆಂಟಿಮೀಟರ್ ಎತ್ತರ, 89 ಅಗಲ. ಅದನ್ನು ಚೌಕ ಮಾಡಬೇಕಾದರೆ ಕಾಲು ಭಾಗಕ್ಕಿಂತ ಜಾಸ್ತಿ ಹೋಗುತ್ತದೆ. ಮರ ಉಳಿಸಿ ಎಡಗಡೆ ಕತ್ತರಿಸಿದ್ದರು. ಹೆಂಗಸಿಲ್ಲ! ಅಂಚಿನಲ್ಲಿ ಕೈಯ ಒಂದು ಚೂರು ಮಾತ್ರ. ಬಣ್ಣವೋ ಗಿಳಿ ಹಸಿರು. ಕೊರೋ ಜೀವಮಾನ ಪೂರ್ತಿ ದುಡಿದು ಸಂಪಾದಿಸಿದ ಆ ಬೆಳ್ಳಿ ಬೂದುಬಣ್ಣವನ್ನು ಯಾರೋ ಒಂದು ಬಟನ್ ಒತ್ತಿ ತೊಳೆದು ಹಾಕಿದ್ದರು. ಫೋನ್ ಮಾಡಿದರೆ ಎಲ್ಲಾ ಚಿತ್ರಕ್ಕೂ ಅದೇ ಅಳತೆ ಅಂದರು. ದುಡ್ಡು ಹೋಗಿದ್ದಕ್ಕಿಂತ ಆ ಹೆಂಗಸು ಹೋಗಿದ್ದು ನನಗೆ ಸಂಕಟ.

ಆ ಚೌಕವನ್ನೇ ಹಿಡಿದುಕೊಂಡು ಈ ಅಂಗಡಿಗೆ ಹೋದೆ. ಪೆನ್ ಡ್ರೈವ್‌ನಲ್ಲಿ ಪೂರ್ತಿ ಚಿತ್ರವೂ ಇತ್ತು. ಅಂಗಡಿಯವರಿಗೆ ಅರವತ್ತರ ಆಸುಪಾಸು. ಟೇಪ್ ಮುಟ್ಟಲಿಲ್ಲ. ಕನ್ನಡಕ ಏರಿಸಿಕೊಂಡು ಕಂಪ್ಯೂಟರಿನಲ್ಲಿ ಚಿತ್ರ ನೋಡುತ್ತಾ ಕೂತರು. ಆಮೇಲೆ ಕೇಳಿದರು: “ಸಾವ್ಕಾರ್ರೇ, ಈಯಮ್ಮ ಮರದಿಂದ ಏನ್ ಕಿತ್ಕೊತಾವ್ಳೆ?” ನನಗೆ ಅಷ್ಟೇ ಸಾಕಾಯಿತು. ನಾನೂ ಬಗ್ಗಿ ನೋಡಿದೆ. ಹಣ್ಣೋ, ಬಳ್ಳಿಯೋ, ಇಬ್ಬರೂ ಸ್ವಲ್ಪ ಹೊತ್ತು ಅದನ್ನೇ ಮಾತಾಡಿದೆವು.

24 ಇಂಚು ಅಗಲ ಇಟ್ಟರೆ ಎತ್ತರ ಹದಿನೇಳೂವರೆ ಬರುತ್ತದೆ, 18 ಅಲ್ಲ. ಆ ಅರ್ಧ ಇಂಚಿಗಾಗಿ ರೆಡಿಮೇಡ್ ಫ್ರೇಮ್ ಬಿಟ್ಟು ಬೇರೆ ಬೀಡಿಂಗ್ ಕತ್ತರಿಸಿದರು. ಪ್ರಿಂಟ್ ಬೆಂಗಳೂರಿನಲ್ಲಿ ಮಾಡಿಸಿ ತರುತ್ತಾರೆ. ಚಿತ್ರದ ಸುತ್ತ ಬರುವ ಮೌಂಟ್‌ಗೆ, ಅಂದರೆ ದಪ್ಪ ರಟ್ಟಿನ ಅಂಚಿಗೆ, ಮೂರು ಬಣ್ಣದ ತುಂಡು ತಂದು ಚಿತ್ರದ ಮೂಲೆಗೆ ಇಟ್ಟು ತೋರಿಸಿದರು. ಅಚ್ಚ ಬಿಳಿ ಇಟ್ಟಾಗ ಮಂಜು ಕೊಳೆಯಾದ ಹಾಗೆ ಕಾಣಿಸಿತು. ಕಪ್ಪು ಇಟ್ಟಾಗ ಕೆರೆಯೇ ಸಣ್ಣದಾಯಿತು. ಮೂರನೆಯದು ಕೋರಾ ಬಟ್ಟೆ ಬಣ್ಣ, ಬ್ಲೀಚ್ ಮಾಡದ ಹತ್ತಿಯದು. ಅದನ್ನಿಟ್ಟ ತಕ್ಷಣ ಕೆರೆಯ ಬೆಳಕು ಎದ್ದು ನಿಂತಿತು. ದಿನಾ ಬಣ್ಣದ ಜೊತೆಗೇ ಬದುಕುವ ನನಗೂ ಇದು ಹೊಳೆದಿರಲಿಲ್ಲ.

ಗಾಜಿನ ವಿಷಯದಲ್ಲೂ ನಿಜ ಹೇಳಿದರು. ನಾನು ಹೊಳಪಿಲ್ಲದ ಗಾಜು ಕೇಳಿದೆ, ಅದಕ್ಕೆ ದುಡ್ಡು ಜಾಸ್ತಿ. ಬೇಡ ಅಂದರು. ಮೌಂಟ್ ಹಾಕಿದ ಮೇಲೆ ಗಾಜು ಚಿತ್ರಕ್ಕೆ ಅಂಟಿಕೊಳ್ಳುವುದಿಲ್ಲ, ನಡುವೆ ಸಂದು ಇರುತ್ತದೆ. ಹೊಳಪಿಲ್ಲದ ಗಾಜು ಚಿತ್ರದಿಂದ ದೂರ ಇದ್ದಷ್ಟೂ ಚಿತ್ರ ಮಸುಕು. “ಮೊದ್ಲೇ ಮಂಜಿನ ಚಿತ್ರ, ಮೇಲೆ ಇನ್ನೊಂದು ಮಂಜು ಯಾಕೆ? ಸಾದಾ ಗಾಜು ಹಾಕ್ತೀನಿ, ಟ್ಯೂಬ್‌ಲೈಟ್ ಎದುರಿಗೆ ಮಾತ್ರ ನೇತು ಹಾಕ್ಬೇಡಿ.” ಹಾಗೇ ಮಾಡಿದ್ದೇನೆ, ಸರಿಯಾಗಿದೆ.

ಎರಡನೆಯದು ಮುಖದ ಚಿತ್ರ, ‘ಮುತ್ತಿನ ಹೆಂಗಸು’. 1870ಕ್ಕೆ ಸ್ವಲ್ಪ ಮುಂಚೆ ಶುರು ಮಾಡಿದ್ದು. ಕೈ ಮೇಲೆ ಕೈ ಇಟ್ಟುಕೊಂಡು ನಮ್ಮನ್ನೇ ನೋಡುವ ಹುಡುಗಿ, ಇಟಲಿಯ ಉಡುಪು. ಹೆಸರಿನಲ್ಲಿ ಮುತ್ತಿದೆ, ಚಿತ್ರದಲ್ಲಿಲ್ಲ! ತಲೆಗೆ ಸುತ್ತಿದ ಎಲೆಮಾಲೆಯ ಒಂದು ಪುಟ್ಟ ಎಲೆ ಹಣೆ ಮೇಲೆ ಇಳಿದಿದೆ. ಅದರ ನೆರಳನ್ನು ಜನ ಮುತ್ತು ಅಂದುಕೊಂಡರು. ಮರ, ಕೆರೆಯ ಚಿತ್ರಗಳಿಗೆ ಹೆಸರಾಗಿದ್ದ ಕೊರೋ ಇಂಥ ಮುಖಗಳನ್ನು ಹೆಚ್ಚಾಗಿ ಹೊರಗೆ ತೋರಿಸಲೇ ಇಲ್ಲ, ತಮ್ಮ ಕೋಣೆಯಲ್ಲೇ ಇಟ್ಟುಕೊಂಡರು. ಅವರು ತೀರಿಕೊಂಡಿದ್ದು 1875ರಲ್ಲಿ. 1909ರಲ್ಲಿ ಪ್ಯಾರಿಸ್ಸಿನ ಪ್ರದರ್ಶನವೊಂದರಲ್ಲಿ ಇಂಥ ಚಿತ್ರಗಳನ್ನು ಒಟ್ಟಿಗೆ ಇಟ್ಟಾಗ ಹೊಸ ತಲೆಮಾರಿನ ಕಲಾವಿದರು ಬೆರಗಾಗಿ ನೋಡಿದರು. ನನಗೆ ಕೆರೆಗಿಂತ ಈ ಹುಡುಗಿಯೇ ಒಂದು ಕೈ ಮೇಲು.

ಅಸಲಿ ಅಳತೆ 70 ಮತ್ತು 55 ಸೆಂಟಿಮೀಟರ್. 14ಕ್ಕೆ 11 ಇಂಚು ಮಾಡಿಸಿದರೆ ಒಂದು ನೂಲೂ ಕತ್ತರಿಸಬೇಕಿಲ್ಲ. ಇಲ್ಲಿ ಮಾತ್ರ ಒಂದು ತಪ್ಪಾಯಿತು. ದೇವರ ಫೋಟೋಗೆ ಹಾಕುವ ಮಿರಮಿರ ಚಿನ್ನದ ಬೀಡಿಂಗ್ ಹಾಕಿಟ್ಟಿದ್ದರು. ಹುಡುಗಿಯ ಮುಖ ಹಿಂದೆ ಸರಿದು ಕಟ್ಟೇ ಮುಂದೆ ಬಂದಿತ್ತು. ಒಂದು ಮೂಲೆಯ ಜಾಯಿಂಟ್‌ನಲ್ಲಿ ಉಗುರು ಹೋಗುವಷ್ಟು ಸಂದು ಬೇರೆ. ತೋರಿಸಿದೆ. ಎರಡು ಮಾತಿಲ್ಲ, ಬಿಚ್ಚಿ ತೇಗದ ಕಟ್ಟು ಹಾಕಿದರು. ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ.

ಕೆರೆಗೆ ಪ್ರಿಂಟ್ ಸೇರಿ 1,850, ಹುಡುಗಿಗೆ 1,100 ಕೊಟ್ಟೆ. ನಾಲ್ಕು ದಿನ ಅಂದವರು ಒಂಬತ್ತು ದಿನ ತೆಗೆದುಕೊಂಡರು, ಮದುವೆ ಸೀಸನ್ನು. ಅರ್ಜೆಂಟ್ ಇದ್ದರೆ ಆ ತಿಂಗಳುಗಳಲ್ಲಿ ಹೋಗಬೇಡಿ. ಗಲ್ಲಿಯಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ. ಹಿಂದಿನ ಹಾರ್ಡ್‌ಬೋರ್ಡ್ ಸುತ್ತ ಟೇಪ್ ಹಾಕಿಸಿಕೊಳ್ಳಿ, ಕೇಳಿದರೆ ಹಾಕುತ್ತಾರೆ, ಇಲ್ಲದಿದ್ದರೆ ಧೂಳು ಒಳಗೆ ಹೋಗುತ್ತದೆ.

ಹುಡುಗಿ ಮನೆಯಲ್ಲಿದ್ದಾಳೆ. ಕೆರೆಯನ್ನು ಅಂಗಡಿಯಲ್ಲಿ ಗಲ್ಲಾ ಹಿಂದೆ ಹಾಕಿದ್ದೇನೆ, ಅಪ್ಪನ ಫೋಟೋ ಪಕ್ಕದಲ್ಲಿ. ಮೊನ್ನೆ ‘ನಾರ್ನಿಯ ಸೇತುವೆ’ ಕೊಟ್ಟು ಬಂದೆ. ಇಟಲಿಗೆ ಹೋದ ಮರುವರ್ಷ, 1826ರಲ್ಲಿ, ಕಾಗದದ ಮೇಲೆ ಎಣ್ಣೆಬಣ್ಣದಲ್ಲಿ ಬರೆದದ್ದು. ಅದು ಇರುವುದೇ 34ಕ್ಕೆ 48 ಸೆಂಟಿಮೀಟರ್. ಈ ಸಲ ಅಸಲಿನಷ್ಟೇ ದೊಡ್ಡದಾಗಿ ಮಾಡಿಸುತ್ತಿದ್ದೇನೆ. ಚಿತ್ರ ತೆರೆದು ನೋಡಿ ಅವರು ಮೊದಲು ಕೇಳಿದ್ದು, ಆ ಸೇತುವೆ ನಡುವೆ ಯಾಕೆ ಮುರಿದಿದೆ ಅಂತ.